ಆಮ್ಲಜನಕವೂ ನಮ್ಮ ಸೋದರಮಾವನವರೂ

ಪದಗಳ ಹುಟ್ಟನ್ನು ಕೆದಕುವ ಚಟ ಕನ್ನಡ ಮೇಷ್ಟರಿಗೆ ಸಹಜವಾದುದು. 'ಆಮ್ಲಜನಕ'ವೆಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿದೆಯೆಂದು ಬಗೆದು, ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ಗ್ರೀಕ್ ಮೂಲದಿಂದ ಆ ಹೆಸರನ್ನು ಕಟ್ಟಿದನು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದಿಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿಕೊಟ್ಟರೂ ಹೆಸರು ನಿಂತೇ ಹೋಯಿತು. ನಾವೂ ಅದನ್ನೇ ಸಂಸ್ಕೃತದಲ್ಲಿ ಎರಕ ಹೊಯ್ದುಕೊಂಡೆವು.

ನಮ್ಮ ಸೋದರಮಾವನವರಿಗೆ ಈ ಪುರಾಣ ರುಚಿಸಲಿಲ್ಲ. ದೇಹದಿಂದ ಆಮ್ಲವನ್ನು ಅಟ್ಟಿ ಆಮ್ಲಜನಕವನ್ನು ತುಂಬಿಕೊಳ್ಳುವ ವ್ರತವನ್ನು ಹಿಡಿದು ಅವರಿಗೆ ಮೂರು ತಿಂಗಳಾಗಿತ್ತು. ಬೆಳಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ಸೌತೆ ಮತ್ತು ಬೀಟ್‌ರೂಟ್, ರಾತ್ರಿ ಹಣ್ಣು. ಇದರಿಂದ ರಕ್ತ ಕ್ಷಾರಮಯವಾಗಿ ಪ್ರಾಣವಾಯು ಹೆಚ್ಚುವುದೆಂದು ಅವರ ನಂಬಿಕೆ. ದಿನವೂ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡು, "98! ನೋಡಿದೆಯೇನಯ್ಯಾ?" ಎನ್ನುವರು. ಎರಡು ಲೋಟ ಕಾಫಿ ಕುಡಿದಿದ್ದ ನನ್ನ ಬೆರಳೂ ನಿರ್ಲಜ್ಜವಾಗಿ 98ನ್ನೇ ತೋರಿಸಿತು.

ಇಷ್ಟೇ ಆಗಿದ್ದರೆ ಮನೆಮಂದಿಯ ವಿನೋದಕ್ಕೆ ಸಾಕಾಗಿತ್ತು. ಆದರೆ ಹನ್ನೊಂದು ವರ್ಷಗಳಿಂದ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯನ್ನೂ ಅವರು ಬಿಟ್ಟಿರುವರೆಂದು ಅತ್ತೆ ಒಂದು ಸಂಜೆ ಗುಟ್ಟಾಗಿ ತಿಳಿಸಿದರು. ಹೇಳುವಾಗ ಅವರ ದನಿ ನಡುಗುತ್ತಿತ್ತು.

ನಮ್ಮ ರಕ್ತ ಮೊದಲಿನಿಂದಲೂ ಅಲ್ಪ ಕ್ಷಾರವೇ. ಅದರ ಪಿಎಚ್ ಅಂಕ 7.35ರಿಂದ 7.45ರ ಕಿರಿದಾದ ಓಣಿಯಲ್ಲಿ ನಡೆಯುತ್ತದೆ. ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡನ್ನು ಹೊರಗೂದಿ, ಮೂತ್ರಪಿಂಡಗಳು ಹೆಚ್ಚಾದ ಆಮ್ಲವನ್ನೋ ಕ್ಷಾರವನ್ನೋ ಹೊರಹಾಕಿ ಆ ಓಣಿಯನ್ನು ಕಾಯುತ್ತವೆ. ತರಕಾರಿ ತಿಂದರೆ ಬದಲಾಗುವುದು ಮೂತ್ರದ ಗುಣ, ರಕ್ತದ್ದಲ್ಲ. ಇನ್ನು 98 ಎಂದರೆ, ಹಿಮೋಗ್ಲೋಬಿನ್ನಿನ ನೂರು ಆಸನಗಳಲ್ಲಿ ತೊಂಬತ್ತೆಂಟು ಭರ್ತಿಯಾಗಿವೆಯೆಂದರ್ಥ. ಉಳಿದೆರಡಕ್ಕಾಗಿ ಇಷ್ಟು ಉಪವಾಸವೇ?

ಅದಕ್ಕಿಂತಲೂ ಸೋಜಿಗದ ಮಾತೊಂದಿದೆ. ದುಡಿಯುವ ಮಾಂಸಖಂಡದ ಬಳಿ ರಕ್ತ ತುಸು ಆಮ್ಲಮುಖವಾಗುತ್ತದೆ. ಆಗಲೇ ಹಿಮೋಗ್ಲೋಬಿನ್ ಕೈ ಸಡಿಲಿಸಿ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ಪ್ರಕಟಿಸಿದ ಶೋಧನೆಯ ಫಲವಿದು. ರಕ್ತದ ಕ್ಷಾರಗುಣ ಹೆಚ್ಚಿದರೆ ಹಿಮೋಗ್ಲೋಬಿನ್ ಜಿಪುಣನಂತೆ ಮುಷ್ಟಿ ಬಿಗಿಹಿಡಿಯುವುದು. ಮಾವನವರ ಹರಕೆ ಫಲಿಸದಿದ್ದುದೇ ಅವರ ಪುಣ್ಯ.

ಹಾಗೆಂದು ಬೂದುಗುಂಬಳವನ್ನು ನಾನು ಹಳಿಯಲಾರೆ. ಹಣ್ಣು ತರಕಾರಿಗಳ ಪೊಟ್ಯಾಸಿಯಂ ರಕ್ತದೊತ್ತಡವನ್ನು ತಗ್ಗಿಸಲು ನೆರವಾಗುತ್ತದೆ. ಸೊಪ್ಪು, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟ್ ಬಾಯಿಯ ಸೂಕ್ಷ್ಮಜೀವಿಗಳ ಸಹಾಯದಿಂದ ರೂಪಾಂತರ ಹೊಂದಿ, ಕೊನೆಗೆ ನೈಟ್ರಿಕ್ ಆಕ್ಸೈಡಾಗಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಈ ಅನಿಲ ನಾಳಗಳಿಗೆ ಸಂದೇಶವೊಯ್ಯುವುದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವ ನಮ್ಮ ಅಡುಗೆಮನೆಯ ಪದ್ಧತಿಯೂ ಕಬ್ಬಿಣಾಂಶ ಮೈಗೆ ಹತ್ತಲು ಅನುಕೂಲವೇ. ಗುಣವುಂಟು, ಕಾರಣ ಮಾತ್ರ ಬೇರೆ.

ಮಾವನವರನ್ನು ವೈದ್ಯರ ಬಳಿಗೆ ಕರೆದೊಯ್ದೆನು. ಒತ್ತಡ 172ಕ್ಕೆ 104 ಇತ್ತು. ವೈದ್ಯರು ಗದರಲಿಲ್ಲ. "ರಸವನ್ನೂ ಕುಡಿಯಿರಿ, ಮಾತ್ರೆಯನ್ನೂ ನುಂಗಿರಿ. ಅದಕ್ಕೆ ಮೊದಲು ಈ ಪರೀಕ್ಷೆ ಆಗಲಿ" ಎಂದು ಚೀಟಿ ಬರೆದರು. ಮೂತ್ರಪಿಂಡಗಳು ಬಳಲಿದ್ದರೆ, ಕೆಲವು ಒತ್ತಡದ ಮಾತ್ರೆಗಳ ಜೊತೆಗೆ ಇಷ್ಟು ತರಕಾರಿಯ ರಸ ಸೇರಿದಾಗ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಹುದಂತೆ. ವರದಿ ಬರುವ ತನಕ ಅತ್ತೆ ಸರಿಯಾಗಿ ಊಟಮಾಡಲಿಲ್ಲ. ದೈವಕೃಪೆ, ದೋಷವೇನೂ ಕಾಣಲಿಲ್ಲ.

ಈಗ ಮಾತ್ರೆಯನ್ನು ಬೂದುಗುಂಬಳದ ರಸದೊಡನೆಯೇ ನುಂಗುತ್ತಾರೆ. ಮೊನ್ನೆ ಒತ್ತಡ 138ಕ್ಕೆ ಇಳಿದಿತ್ತು. ಅದು ರಸದ ಮಹಿಮೆಯೆಂದು ಮಾವನವರು, ಮಾತ್ರೆಯದೆಂದು ಅತ್ತೆ. ನನ್ನ ತೀರ್ಪನ್ನು ಇಬ್ಬರೂ ಕೇಳಿಲ್ಲ.