ಚಳಿಗಾಲದ ಗಾಲ್ಫು, ನೆಲದ ಹದ

ಇಂಗ್ಲೆಂಡಿನ ಗಾಲ್ಫ್ ಕ್ಲಬ್ಬುಗಳಲ್ಲಿ ನವೆಂಬರ್ ಬಂತೆಂದರೆ ಒಂದು ಜಗಳ ಶುರುವಾಗುತ್ತದೆ. ಚಳಿಗಾಲದಲ್ಲೂ ಆಡಬೇಕೋ, ಇಲ್ಲಾ ಕೋರ್ಸಿಗೆ ರಜೆ ಕೊಡಬೇಕೋ ಅಂತ. ಆಡೋರು ಹೇಳೋದು: ಹನ್ನೆರಡೂ ತಿಂಗಳಿಗೆ ದುಡ್ಡು ಕಟ್ಟಿದ್ದೀವಿ, ಈಗ ಬಾಗಿಲು ಹಾಕ್ತೀವಿ ಅಂದರೆ ಹೇಗೆ? ಹುಲ್ಲು ನೋಡಿಕೊಳ್ಳೋರು ಹೇಳೋದು: ಈಗ ತುಳೀರಿ, ಮೇ ತಿಂಗಳಲ್ಲಿ ಬಂದು ನಮ್ಮನ್ನೇ ಬೈತೀರಿ. ಲಂಡನ್ನಿನ ಹೊರಗಿನ ಒಂದು ಊರಲ್ಲಿ ನಾಲ್ಕು ವರ್ಷ ಕೆಲಸಕ್ಕಿದ್ದಾಗ ಟೀಮಿನವರು ಎಳೆದುಕೊಂಡು ಹೋಗಿ ನನಗೆ ಗಾಲ್ಫ್ ಕಲಿಸಿದರು. ಆಟ ಅಷ್ಟಕ್ಕಷ್ಟೇ. ಚೆಂಡು ಹೋದ ಕಡೆ ನಾನು ಹೋಗುತ್ತಿದ್ದೆ, ನಾನು ಹೇಳಿದ ಕಡೆ ಚೆಂಡು ಹೋಗುತ್ತಿರಲಿಲ್ಲ. ಆದರೆ ಈ ಜಗಳ ಮಾತ್ರ ಮೊದಲ ದಿನವೇ ಅರ್ಥವಾಯಿತು. ನಾನು ಗದಗ ಕಡೆಯವನು, ಎರಿ ಹೊಲದಲ್ಲಿ ಬೆಳೆದವನು.

ಎರಿ ಭೂಮಿ ನೋಡದವರಿಗೆ ಒಂದು ಮಾತು. ಮಳೆ ಬಿದ್ದ ಮೇಲೆ ಆ ಕರಿಮಣ್ಣಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಎರಡೆರಡು ಕೇಜಿ ಮಣ್ಣು ಮೆತ್ತಿಕೊಳ್ಳುತ್ತದೆ. ಚಪ್ಪಲಿ ಒಳಗೇ ಉಳಿಯುತ್ತದೆ, ಕಾಲು ಮಾತ್ರ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಒಣಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಸಿ ಇದ್ದಾಗ ಯಾರೂ ಹೊಲಕ್ಕೆ ಇಳಿಯೋದಿಲ್ಲ. ಇಳಿದರೆ ಮಣ್ಣು ಅಮುಕಿ, ಒಣಗಿದ ಮೇಲೆ ಕಲ್ಲಿನಂಥ ಹೆಂಟೆಯಾಗುತ್ತದೆ. ಬೀಜ ತಲೆ ಎತ್ತೋಕೆ ಒದ್ದಾಡುತ್ತದೆ. "ಹದಾ ಬರೂ ಮಟಾ ಹೊಲದಾಗ ಕಾಲಿಡಬ್ಯಾಡ" ಅಂತ ಅಪ್ಪ ಹೇಳಿದರೆ ಮುಗೀತು. ಹಿಂಗಾರಿ ಜೋಳದ ಬಿತ್ತಿಗೆ ದಿನ ಮೀರುತ್ತಿದ್ದರೂ ಕಾಯೋದೇ. ಹದ ಅನ್ನೋದು ಕ್ಯಾಲೆಂಡರಿನಲ್ಲಿ ಇರೋದಿಲ್ಲ. ಒಂದು ಹಿಡಿ ಮಣ್ಣು ತಗೊಂಡು ಅಮುಕಿ ನೋಡಬೇಕು.

ಲಂಡನ್ನಿನ ಕೆಳಗಿರುವ ನೆಲಕ್ಕೆ ಅಲ್ಲಿನವರು ಲಂಡನ್ ಕ್ಲೇ ಅನ್ನುತ್ತಾರೆ. ಬಣ್ಣ ಬೇರೆ, ಸ್ವಭಾವ ನಮ್ಮ ಎರಿಯದ್ದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆ ಜೋರಾದ ವರ್ಷ ಮನೆಗಳ ಗೋಡೆ ಬಿರುಕು ಬಿಟ್ಟು ಜನ ಇನ್ಶೂರೆನ್ಸಿನವರ ಹಿಂದೆ ಓಡಾಡುತ್ತಾರೆ. ನಾನು ಆಡುತ್ತಿದ್ದ ಕೋರ್ಸು ಇಂಥ ನೆಲದ ಮೇಲಿತ್ತು. ಡಿಸೆಂಬರಿನಲ್ಲಿ ಏಳನೇ ಹೋಲಿನ ಫೇರ್‌ವೇ ಮೇಲೆ ಹೆಜ್ಜೆ ಇಟ್ಟಾಗ ಪಚಕ್ ಅಂತ ಬಂದ ಸದ್ದು ಕೇಳಿ ಊರೇ ನೆನಪಾಯಿತು.

ಹುಲ್ಲಿಗೆ ಆಗೋದೇನು ಅಂತ ಅಲ್ಲಿನ ಹೆಡ್ ಗ್ರೀನ್‌ಕೀಪರ್ ಒಮ್ಮೆ ವಿವರಿಸಿದ್ದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ನನ್ನ ಹೊಲದ ಕಥೆ ಕೇಳಿದ ಮೇಲೆ ಸ್ವಲ್ಪ ಜಾಸ್ತಿ. ಮಣ್ಣಿನ ಉಷ್ಣಾಂಶ ಸುಮಾರು 6 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಬೆಳೆಯೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಜೂನಿನಲ್ಲಿ ಆದ ಗಾಯ ವಾರಗಳಲ್ಲಿ ಮಾಯುತ್ತದೆ. ಡಿಸೆಂಬರಿನಲ್ಲಿ ಆದದ್ದು ವಸಂತದವರೆಗೂ ಹಾಗೇ ಇರುತ್ತದೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಎಲೆಯೊಳಗಿನ ನೀರೂ ಮಂಜಾಗಿರುತ್ತದೆ. ತುಳಿದರೆ ಒಳಗಿನ ಜೀವಕೋಶ ಒಡೆಯುತ್ತದೆ. ಆಗ ಕಾಣೋದಿಲ್ಲ. ಆಮೇಲೆ ನೋಡಿದರೆ ನಿಮ್ಮ ಹೆಜ್ಜೆಗಳು ಕಂದುಬಣ್ಣದಲ್ಲಿ ಸಾಲಾಗಿ ಎದ್ದಿರುತ್ತವೆ, ಯಾರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಪೊಲೀಸರಿಗೆ ಹೇಳುವಷ್ಟು ಸ್ಪಷ್ಟವಾಗಿ.

ಅದಕ್ಕಿಂತ ಕೆಟ್ಟದ್ದು ಮಂಜು ಕರಗೋ ಹೊತ್ತು ಅಂದರು. ಮೇಲಿನ ಒಂದಿಂಚು ಮೆತ್ತಗಾಗಿರುತ್ತದೆ, ಕೆಳಗೆ ಇನ್ನೂ ಗಟ್ಟಿ. ಬಿಸಿಲು ಬಂತು, ಹಸಿರು ಕಾಣ್ತಿದೆ, ಇನ್ನೇನು ತೊಂದರೆ ಅಂತ ಸದಸ್ಯರು ಕೇಳೋದೂ ಆಗಲೇ. ಕಾಲು ಸ್ವಲ್ಪ ಜಾರಿದರೂ ಮೇಲಿನ ಪದರ ಸರಿದು ಬೇರು ಕತ್ತರಿಸಿಹೋಗುತ್ತದೆ. ಇನ್ನು ಮಳೆ ಹಿಡಿದರೆ ನಮ್ಮ ಊರಿನದೇ ಕಥೆ: ಅಮುಕಿದ ಮಣ್ಣಲ್ಲಿ ಗಾಳಿ ಆಡೋದಿಲ್ಲ, ನೀರು ಇಳಿಯೋದಿಲ್ಲ. ಇಷ್ಟಕ್ಕೂ ಫೇರ್‌ವೇ ವಿಶಾಲ, ಜನ ಚದುರಿ ಹೋಗುತ್ತಾರೆ. ಗ್ರೀನ್ ಹಾಗಲ್ಲ. ನಾಲ್ಕೂಕಾಲು ಇಂಚಿನ ಒಂದು ತೂತು, ಬಂದವರೆಲ್ಲ ಅದರ ಸುತ್ತಲೇ ನಿಲ್ಲಬೇಕು.

ಅದಕ್ಕೇ ಚಳಿಗಾಲದಲ್ಲಿ ಫೇರ್‌ವೇ ಮೇಲೆ ಒಂದು ತುಂಡು ಜಾಗ ಕತ್ತರಿಸಿ ತಾತ್ಕಾಲಿಕ ಗ್ರೀನ್ ಮಾಡುತ್ತಾರೆ. ಟ್ರಾಲಿಗೆ ನಿಷೇಧ, ಬ್ಯಾಗು ಹೆಗಲ ಮೇಲೆ. ಚೆಂಡಿಗೆ ಕೆಸರು ಮೆತ್ತಿದ್ದರೆ ಎತ್ತಿ ಒರೆಸಿ, ಆರಿಂಚಿನೊಳಗೆ ಇಟ್ಟುಕೊಂಡು ಹೊಡೆಯಲು ಎಷ್ಟೋ ಕ್ಲಬ್ಬುಗಳು ಬಿಡುತ್ತವೆ. ಇದೆಲ್ಲ ಗಾಲ್ಫೇ ಅಲ್ಲ, ಇದರ ಬದಲು ಮನೇಲಿ ಮಲಗೋದು ವಾಸಿ ಅನ್ನೋ ಶುದ್ಧವಾದಿಗಳೂ ಇದ್ದಾರೆ. ಅವರಿಗೆ ನಾನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ತೋರಿಸುತ್ತಿದ್ದೆ. ಗಾಲ್ಫಿನವರಿಗೆ ಕಾಶಿ ಇದ್ದಂತೆ ಅದು. ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಫೇರ್‌ವೇ ಮೇಲಿನ ಚೆಂಡನ್ನು ಸಣ್ಣ ಚಾಪೆಯ ಮೇಲಿಟ್ಟು ಹೊಡೆಸುವ ರೂಢಿ ಇದೆ. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ. ಊರವರು ನಾಯಿ ಹಿಡಿದುಕೊಂಡು ಅಲ್ಲಿ ವಾಕಿಂಗ್ ಬರುತ್ತಾರೆ. ಕಾಶಿಯಲ್ಲೇ ಚಾಪೆ ನಡೆಯುತ್ತದೆ ಅಂದಮೇಲೆ ನಮ್ಮದೇನು ಮಹಾ.

ಸೋಜಿಗ ಅಂದರೆ, ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಒಂದು ಕಾಲಕ್ಕೆ ಹೆಚ್ಚಾಗಿ ಚಳಿಗಾಲದ ಆಟವೇ ಆಗಿತ್ತು. 1457ರಲ್ಲೇ ಅಲ್ಲಿನ ಪಾರ್ಲಿಮೆಂಟು ಇದನ್ನು ನಿಷೇಧಿಸಿತ್ತು, ಜನ ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ ಅಂತ. ಬೇಸಿಗೆಯಲ್ಲಿ ಸಮುದ್ರದಂಡೆಯ ಹುಲ್ಲು ಎತ್ತರಕ್ಕೆ ಬೆಳೆದರೆ ಚೆಂಡು ಸಿಗೋದೇ ಕಷ್ಟ. ಕುರಿ ಮೇದು, ಚಳಿಗೆ ಬೆಳವಣಿಗೆ ನಿಂತ ಮೇಲೆ ಆಟ. ಹುಲ್ಲು ಕತ್ತರಿಸುವ ಯಂತ್ರವನ್ನು ಎಡ್ವಿನ್ ಬಡ್ಡಿಂಗ್ ಕಂಡುಹಿಡಿದದ್ದು 1830ರಲ್ಲಿ. ಅದು ಗಾಲ್ಫಿನ ನೆಲಕ್ಕೆ ಬಂದದ್ದು ಇನ್ನೂ ತಡವಾಗಿ. ಹಾಗಾದರೆ ಆಗ ಹುಲ್ಲು ಹಾಳಾಗುತ್ತಿರಲಿಲ್ಲವೇ? ಅಷ್ಟಾಗಿ ಇಲ್ಲ, ಕಾರಣ ಅದು ಮರಳು. ನೀರು ಬಿದ್ದದ್ದೇ ಇಳಿದುಹೋಗುತ್ತದೆ. ಆಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ರೈಲಿನಲ್ಲಿ ಓಡಾಡುವ ಪೇಟೆಯವರಿಗೆ ಈ ಆಟದ ಹುಚ್ಚು ಹಿಡಿದು ಕೋರ್ಸುಗಳು ಒಳನಾಡಿನ ಜೇಡಿಮಣ್ಣಿಗೂ ಬಂದವು. ಮರಳಿನಲ್ಲಿ ಬೆಳೆದ ಆಟ ಜೇಡಿಗೆ ವಲಸೆ ಬಂತು, ಅಭ್ಯಾಸ ಮಾತ್ರ ಮರಳಿನದೇ ಉಳೀತು. ಚಳಿಗಾಲದಲ್ಲಿ ಆಡಬೇಕೋ ಬೇಡವೋ ಅಂತ ಇಡೀ ದೇಶಕ್ಕೆ ಒಂದೇ ಉತ್ತರ ಹುಡುಕೋರು ಈ ವಲಸೆಯನ್ನು ಮರೆತಿರುತ್ತಾರೆ. ಮರಳಿದ್ದರೆ ಜನವರಿಯಲ್ಲೂ ಆಡಿ. ಜೇಡಿ ಇದ್ದರೆ ಕೇಳಿ ಆಡಿ.

(ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಅಮೆರಿಕದ ವರ್ಮಾಂಟಿನಲ್ಲಿದ್ದಾಗ ಚೆಂಡಿಗೆ ಕೆಂಪು ಬಣ್ಣ ಬಳಿದು ಹಿಮದ ಮೇಲೇ ಆಡುತ್ತಿದ್ದನಂತೆ. ಹುಚ್ಚಿಗೆ ಹವಾಮಾನವಿಲ್ಲ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆ. ಅಲ್ಲಿ ಡಿಸೆಂಬರ್ ಅಂದರೆ ಆಡೋಕೆ ಹಬ್ಬ. ಈ ಜಗಳ ಅಲ್ಲಿಯವರಿಗೆ ಹೇಳಿದರೆ ನಗುತ್ತಾರೆ.)

ಇಷ್ಟು ಹೇಳಿದ ಮೇಲೆ ನಾನು ಮುಚ್ಚಿಬಿಡಿ ಅನ್ನೋ ಪಾರ್ಟಿ ಅಂತ ಅನ್ನಿಸಬಹುದು. ಅಲ್ಲ. ನಮ್ಮ ಶನಿವಾರದ ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಯಜಮಾನರಿದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳು ದೂರ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಎದ್ದು ಆಫೀಸಿಗೆ ಹೋಗಿ ಕತ್ತಲಲ್ಲಿ ವಾಪಸ್ ಬರುವ ನಮಗೇ ಫೆಬ್ರವರಿ ಹೊತ್ತಿಗೆ ಮಂಕು ಹಿಡಿಯುತ್ತದೆ. ಅವರು ಒಮ್ಮೆ ಚಹಾ ಕುಡೀತಾ ಹೇಳಿದರು: ಬುಧವಾರ ಮತ್ತು ಶನಿವಾರ ಇಲ್ಲಿಗೆ ಬರದಿದ್ದರೆ ವಾರವಿಡೀ ನನ್ನ ಗಂಟಲಿಂದ ಮಾತೇ ಹೊರಡೋದಿಲ್ಲ. ಗೊಣಗಿಕೊಂಡು ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ನಾಲ್ಕು ತಿಂಗಳು ರಜೆ ಕೊಟ್ಟರೆ ಹುಲ್ಲು ಚೇತರಿಸಿಕೊಳ್ಳುತ್ತದೆ, ನಿಜ. ಈ ಮನುಷ್ಯ?

ಕ್ಲಬ್ ಹೌಸ್ ತೆರೆದಿರುತ್ತಲ್ಲ, ಅಲ್ಲಿ ಬಂದು ಕೂರಲಿ ಅನ್ನೋರಿದ್ದರು. ಹರಟೆಗೊಂದು ನೆಪ ಬೇಕು ಸ್ವಾಮಿ. ನಮ್ಮೂರ ಕಟ್ಟೆಯ ಮೇಲೆ ಕೂರೋ ಹಿರಿಯರೂ ಬೀಡಿಗೋ ಪೇಪರಿಗೋ ಅಂತ ಬರುತ್ತಾರೆ, ಮಾತಾಡೋಕೆ ಬಂದೆ ಅಂತ ಯಾರೂ ಬರೋದಿಲ್ಲ.

ಹಾಗಾಗಿ ನನ್ನ ತಕರಾರು ಆಡೋದರ ಬಗ್ಗೆ ಅಲ್ಲ, ಯಾರು ತೀರ್ಮಾನಿಸಬೇಕು ಅನ್ನೋದರ ಬಗ್ಗೆ. ಐಟಿಯಲ್ಲಿರುವವರಿಗೆ ಇದು ಬೇಗ ಹೊಳೆಯುತ್ತದೆ. ಡಿಸೆಂಬರಿನಲ್ಲಿ ಎಷ್ಟೋ ಪ್ರಾಜೆಕ್ಟುಗಳಲ್ಲಿ ಕೋಡ್ ಫ್ರೀಜ್ ಇರುತ್ತದೆ. ಫ್ರೀಜ್ ಅಂದರೆ ಕೆಲಸ ನಿಲ್ಲಿಸಿ ಅಂತಲ್ಲ, ಪ್ರೊಡಕ್ಷನ್ ಮುಟ್ಟಬೇಡಿ ಅಂತ. ಮುಟ್ಟಲೇಬೇಕಾದಾಗ ಹ್ಞೂಂ ಅನ್ನುವ ಹಕ್ಕು ಯಾರಿಗೆ ಇರಬೇಕು? ಸ್ಲೈಡ್ ತೋರಿಸಿದ ಮ್ಯಾನೇಜರಿಗಾ, ರಾತ್ರಿ ಎರಡಕ್ಕೆ ಫೋನ್ ಎತ್ತೋ ಆನ್‌ಕಾಲ್ ಹುಡುಗಿಗಾ? ಗ್ರೀನ್‌ಕೀಪರ್ ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಹೋಗಿ, ಗ್ರೀನಿಗೆ ಚಾಕು ಚುಚ್ಚಿ ನೋಡಿ ಬರುತ್ತಿದ್ದರು, ಥೇಟ್ ಅಪ್ಪ ಮಣ್ಣು ಅಮುಕಿ ನೋಡುತ್ತಿದ್ದ ಹಾಗೆ. ಅವರು ಗೇಟಿಗೆ ಹಾಕಿದ ಬೋರ್ಡಿನ ಮುಂದೆ ನಿಂತು ಹತ್ತು ಗಂಟೆಗೆ ಬಂದ ವಕೀಲರು, ಡಾಕ್ಟರುಗಳು ವಾದ ಮಾಡುತ್ತಿದ್ದರು. ಒಬ್ಬರಂತೂ ನಾನು ನಲವತ್ತು ವರ್ಷದಿಂದ ಆಡ್ತಿದ್ದೀನಿ ಅಂದರು. ಬೇರಿಗೆ ಅದು ಗೊತ್ತಿರಬೇಕಲ್ಲ!

ನಾನಿದ್ದ ಕೊನೆಯ ಚಳಿಗಾಲದಲ್ಲಿ ಸದಸ್ಯರ ಸಭೆಯಲ್ಲಿ ಹೊಸ ಏರ್ಪಾಡು ಪಾಸಾಯಿತು. ನೀರು ನಿಲ್ಲುವ ತಗ್ಗಿನ ಒಂಬತ್ತು ಹೋಲುಗಳಿಗೆ ಜನವರಿ, ಫೆಬ್ರವರಿ ಪೂರ್ತಿ ರಜೆ. ಮೇಲಿನ ದಿಣ್ಣೆಯ ಒಂಬತ್ತು ತೆರೆದಿರಬೇಕು, ತಾತ್ಕಾಲಿಕ ಗ್ರೀನು, ಚಾಪೆ. ದಿನದ ತೀರ್ಮಾನ ಗ್ರೀನ್‌ಕೀಪರ್‌ದು, ಮರುಪ್ರಶ್ನೆ ಇಲ್ಲ. ಟ್ರಾಲಿ ನಿಷೇಧ ಹಾಗೇ ಉಳಿಯಿತು. ನಮ್ಮ ಯಜಮಾನರಿಗೆ ಮಂಡಿನೋವು, ತುಂಬಿದ ಬ್ಯಾಗು ಹೊರೋಕೆ ಆಗುತ್ತಿರಲಿಲ್ಲ. ನಿಯಮದ ಪ್ರಕಾರ ಹದಿನಾಲ್ಕು ಕೋಲು ಇಟ್ಟುಕೊಳ್ಳಬಹುದು. ಮುಂದಿನ ಬುಧವಾರ ಅವರು ಬ್ಯಾಗೇ ಇಲ್ಲದೆ, ನಾಲ್ಕು ಕೋಲುಗಳನ್ನು ಕಟ್ಟಿಗೆ ಹೊರೆಯ ಹಾಗೆ ಕಂಕುಳಲ್ಲಿ ಇರುಕಿಕೊಂಡು, ಕೋಟಿನ ಜೇಬಲ್ಲಿ ಮೂರು ಚೆಂಡು ಹಾಕಿಕೊಂಡು ಬಂದರು.