ರಕ್ತ ತೆಗೆಯುವ ಕೈಗೆ ಯಾರು ಹೊಣೆ?

ನರ ಹುಡುಕಿ ಸೂಜಿ ಚುಚ್ಚುವುದು ಎರಡು ನಿಮಿಷದ ಕೆಲಸ, ಅದಕ್ಕೆ ಕಾನೂನು, ನೀತಿ ಎಂದೆಲ್ಲ ಅಷ್ಟುದ್ದದ ಪಾಠ ಯಾಕೆ ಎಂದು ಪ್ಯಾರಾಮೆಡಿಕಲ್ ಓದುವ ಹುಡುಗರು ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆ. ಇದಕ್ಕೆ ಉತ್ತರ ಸಿಗುವುದು ಎಪ್ಪತ್ತು-ಎಂಬತ್ತರ ದಶಕದ ಜಿಲ್ಲಾಸ್ಪತ್ರೆಗಳ ಲ್ಯಾಬನ್ನು ಕಂಡವರ ನೆನಪಿನಲ್ಲಿ. ಸ್ಪಿರಿಟ್ಟಿನ ವಾಸನೆಯ ಜೊತೆಗೆ ಕುದಿಯುವ ನೀರಿನಲ್ಲಿ ಬೆಂದ ರಬ್ಬರಿನ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿದ್ದ ಕಾಲ ಅದು. ಗಾಜಿನ ಸಿರಿಂಜು, ಮೊಂಡಾದಾಗ ಕಲ್ಲಿಗೆ ಉಜ್ಜಿ ಮತ್ತೆ ಬಳಸುವ ಸೂಜಿ. ಅಂಥ ಸೂಜಿಯಿಂದಲೂ ನೋವಾಗದಂತೆ ರಕ್ತ ತೆಗೆಯುವ ಒಬ್ಬ ಹಳೆಯ ಟೆಕ್ನಿಷಿಯನ್ ಪ್ರತಿ ಊರಿನಲ್ಲೂ ಇರುತ್ತಿದ್ದರು. ಅವರು ನರವನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ, ಬೆರಳ ತುದಿಯಿಂದ ಹುಡುಕುತ್ತಿದ್ದರು. ರಕ್ತ ಕಂಡ ಕೂಡಲೇ ತೋಳಿಗೆ ಕಟ್ಟಿದ ರಬ್ಬರ್ ಕೊಳವೆ ಸಡಿಲಿಸುತ್ತಿದ್ದರು. ಸೂಜಿ ಕಳಚಿಟ್ಟು, ರಕ್ತವನ್ನು ಸೀಸೆಯ ಗೋಡೆಗುಂಟ ಮೆಲ್ಲಗೆ ಇಳಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, "ನೀವು ಲಕ್ಷ್ಮಮ್ಮ ಅಲ್ವಾ?" ಎನ್ನದೆ "ನಿಮ್ಮ ಹೆಸರೇನಮ್ಮಾ?" ಎಂದು ಕೇಳುತ್ತಿದ್ದರು. ಜ್ವರದಲ್ಲಿ ಬೆಂದ ಮುದುಕಿ ಯಾವ ಹೆಸರಿಗೂ ತಲೆಯಾಡಿಸುತ್ತಾಳೆ, ವಾರ್ಡಿನಲ್ಲಿ ಇನ್ನೊಬ್ಬ ಲಕ್ಷ್ಮಮ್ಮನೂ ಇರಬಹುದು ಎನ್ನುವುದು ಅವರಿಗೆ ಯಾವ ನಿಯಮಪುಸ್ತಕವೂ ಕಲಿಸದೆ ಗೊತ್ತಿತ್ತು.

ಹಾಗೆಂದು ಆ ಕಾಲವನ್ನು ಹಾಡಿಹೊಗಳಿದರೆ ಸುಳ್ಳು ಹೇಳಿದಂತೆ. ಸಾಲು ಉದ್ದವಾದ ದಿನ ಸೂಜಿ ಕುದಿಯುವ ಹೊತ್ತು ಕಡಿಮೆಯಾಗುತ್ತಿತ್ತು. ಕಾಮಾಲೆಯ ವೈರಸ್ಸು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಲು ಅಷ್ಟೇ ಸಾಕು. ಯಾವ ಪರೀಕ್ಷೆ, ಯಾಕೆ ಎಂದು ರೋಗಿಗೆ ಹೇಳುವ ಪದ್ಧತಿಯೇ ಇರಲಿಲ್ಲ. ತೋಳು ಚಾಚಿದರೆ ಒಪ್ಪಿಗೆ ಎಂದೇ ಲೆಕ್ಕ. ವಿಡಿಆರ್‌ಎಲ್ ಎಂಬ ಲೈಂಗಿಕ ರೋಗದ ಪರೀಕ್ಷೆಯ ಚೀಟಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು, ಓದು ಬರುವವರೆಲ್ಲ ಓದುತ್ತಿದ್ದರು. ಇನ್ನು ಆಸ್ಪತ್ರೆಯ ಗೇಟಿನ ಹೊರಗೆ ನಡೆಯುತ್ತಿದ್ದ ರಕ್ತದ ಚೌಕಾಸಿ. ಆಪರೇಷನ್ನಿಗೆ ಎರಡು ಬಾಟ್ಲಿ ಬೇಕೆಂದು ಕಂಗಾಲಾಗಿ ಬಂದ ರೈತನ ಮುಂದೆ ದಲ್ಲಾಳಿ ಬೆಲೆ ಏರಿಸುತ್ತಿದ್ದ. ಹಸಿದ ಕೂಲಿಯವನೊಬ್ಬ ಅದರಲ್ಲಿ ಚೂರುಪಾರು ಪಡೆದು, ಚೇತರಿಸಿಕೊಳ್ಳುವ ಮೊದಲೇ ಮತ್ತೆ ತೋಳು ಕೊಡಲು ಬರುತ್ತಿದ್ದ. ಒಳಗಿದ್ದವರಿಗೆ ಇದೆಲ್ಲ ಗೊತ್ತಿತ್ತು. ಆ ನುರಿತ ಕೈಗಳೂ ಮೌನವಾಗಿ ಆ ರಕ್ತವನ್ನು ತೆಗೆದವು. ಕೈಚಳಕವೇ ನೀತಿಯಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಬದಲಾವಣೆ ತಂದದ್ದು ಹೆದರಿಕೆ ಮತ್ತು ಕೋರ್ಟು. 1986ರಲ್ಲಿ ಚೆನ್ನೈಯಲ್ಲಿ ಎಚ್‌ಐವಿ ಪತ್ತೆಯಾಯಿತು. ಮುಂದಿನ ವರ್ಷಗಳಲ್ಲಿ ಗಾಜಿನ ಸಿರಿಂಜು ಮೂಲೆ ಸೇರಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷೇಧವಾಯಿತು. ಅದೇ ವರ್ಷ ಜೀವವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದವು. 2016ರಲ್ಲಿ ಅವು ಇನ್ನಷ್ಟು ಬಿಗಿಯಾದವು: ಬಳಸಿದ ಸೂಜಿ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ, ಸಿರಿಂಜು ಕೆಂಪು ಚೀಲಕ್ಕೆ. ತಿಳಿಸಿ, ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂದು 2017ರ ಕಾಯ್ದೆ ಹೇಳಿತು. ಹೀಗೆ ಸೂಜಿಗೆ, ಕಸಕ್ಕೆ, ರಕ್ತಕ್ಕೆ, ಗುಟ್ಟಿಗೆ ಕಾನೂನಿನ ಕಾವಲು ಬಂತು. ಸೂಜಿ ಹಿಡಿಯುವ ಕೈಗೆ ಮಾತ್ರ ಇನ್ನೂ ಸರಿಯಾದ ಕಾವಲಿಲ್ಲ. ಲ್ಯಾಬ್ ಸಿಬ್ಬಂದಿಯಂಥವರ ಶಿಕ್ಷಣ, ನೋಂದಣಿಗೆಂದು 2021ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದನ್ನು ಜಾರಿ ಮಾಡಿ ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಗಡುವು ಹಾಕಬೇಕಾಯಿತು.

ಈಗ ಬಾರ್‌ಕೋಡ್ ಇದೆ, ನಿರ್ವಾತ ಟ್ಯೂಬ್ ಇದೆ, ಯಂತ್ರವೇ ಎಲ್ಲ ನೋಡಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಯಂತ್ರ ನೋಡುವುದು ಟ್ಯೂಬನ್ನು, ಮನುಷ್ಯನನ್ನಲ್ಲ. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಬಾರ್‌ಕೋಡ್ ಅಂಟಿಸಿದರೆ ಯಂತ್ರ ಅಷ್ಟೇ ನಿಖರವಾಗಿ ತಪ್ಪು ಉತ್ತರ ಕೊಡುತ್ತದೆ. ರಕ್ತದ ಗುಂಪಿನ ಪರೀಕ್ಷೆಯಲ್ಲಿ ಹಾಗಾದರೆ ಪ್ರಾಣವೇ ಹೋಗಬಹುದು. ತೋಳಿನ ಪಟ್ಟಿ ಒಂದು ನಿಮಿಷ ಮೀರಿ ಬಿಗಿದು, ಮುಷ್ಟಿ ಬಿಚ್ಚಿ ಮುಚ್ಚಿಸಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಿಂದ ಕೆಂಪು ಮುಚ್ಚಳದ್ದಕ್ಕೆ ರಕ್ತ ಸುರಿದರೂ ಅಷ್ಟೇ. ನೇರಳೆಯಲ್ಲಿರುವ ಇಡಿಟಿಎ ಉಪ್ಪು ಪೊಟ್ಯಾಸಿಯಮ್ಮನ್ನು ಏರಿಸಿ ಕ್ಯಾಲ್ಸಿಯಮ್ಮನ್ನು ಇಳಿಸಿ ತೋರಿಸುತ್ತದೆ. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಯಂತ್ರದೊಳಗಲ್ಲ, ರೋಗಿಯ ಪಕ್ಕದಲ್ಲಿ.

ಅರ್ಹತೆ, ನೋಂದಣಿ ಎಂದು ಕಡ್ಡಾಯ ಮಾಡಿದರೆ ಸಣ್ಣ ಊರಿನ ಲ್ಯಾಬುಗಳು ಮುಚ್ಚಿ ಹೋಗುತ್ತವೆ ಎಂಬ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಈಗಾಗಲೇ ಕೆಲಸದಲ್ಲಿರುವವರಿಗೆ ಕಲಿಯಲು ಸಮಯ ಕೊಡಬೇಕು, ಖರ್ಚನ್ನು ಅವರ ತಲೆಗೆ ಕಟ್ಟಬಾರದು. ಆದರೆ ತರಬೇತಿಗೆ ಖರ್ಚು ಮಾಡದೆ ಲ್ಯಾಬುಗಳು ಮಾಡುವ ಉಳಿತಾಯದ ಬೆಲೆ ಇವತ್ತು ತೆರುತ್ತಿರುವವರು ಯಾರು? ಬೆಳಗಿನ ಜಾವ ಬೈಕಿನಲ್ಲಿ ಮನೆಮನೆಗೆ ಹೋಗುವ, ಎಷ್ಟು ಮನೆಯೋ ಅಷ್ಟು ಕಾಸು ಎಂಬ ಲೆಕ್ಕದಲ್ಲಿ ದುಡಿಯುವ ಹುಡುಗ. ಅವನಿಗೆ ಹೆಸರು ಕೇಳುವಷ್ಟು ವ್ಯವಧಾನವೂ ಉಳಿದಿಲ್ಲ. ಗಾಬರಿಯಿಂದ ತೋಳು ಹಿಂದೆಗೆದುಕೊಂಡವರನ್ನು ಬಲವಂತ ಮಾಡಬಾರದು, ಬೇಡ ಎನ್ನುವುದು ಅವರ ಹಕ್ಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಬಳಸಿದ ಸೂಜಿ ಅವನಿಗೇ ಚುಚ್ಚಿದರೆ, ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದರೆ ಎರಡು ತಾಸಿನೊಳಗೆ, ಎಷ್ಟೇ ತಡವಾದರೂ 72 ತಾಸಿನೊಳಗೆ ಶುರುಮಾಡಬೇಕು. ಅವನಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು ಕೆಲಸ ಕೊಟ್ಟವರ ಕರ್ತವ್ಯವೆಂದು 2016ರ ತ್ಯಾಜ್ಯ ನಿಯಮದಲ್ಲೇ ಇದೆ. ಗುತ್ತಿಗೆಯ ಮೇಲೆ ಗುತ್ತಿಗೆ ಕೊಟ್ಟು ಈ ಹೊಣೆಯಿಂದ ಜಾರಿಕೊಳ್ಳುವ ಲ್ಯಾಬಿಗೆ, ಗೋಡೆಯ ಮೇಲೆ ಎಷ್ಟೇ ಪ್ರಮಾಣಪತ್ರ ತೂಗಿದ್ದರೂ, ನಂಬಿಕೆ ಕೇಳುವ ಅರ್ಹತೆಯಿಲ್ಲ.

ಓದುಗರು ಒಂದು ಕೆಲಸ ಮಾಡಬಹುದು. ಮುಂದಿನ ಸಲ ರಕ್ತ ಕೊಡುವಾಗ ಯಾವ ಪರೀಕ್ಷೆಗೆಂದು ಕೇಳಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ, ನೀವು ಎದ್ದು ಹೋಗುವ ಮೊದಲೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರಲಿ. ರಕ್ತ ತೆಗೆದವರಿಗೆ ಲಸಿಕೆ ಆಗಿದೆಯೇ ಎಂದೂ ವಿಚಾರಿಸಿ. ಆಗಿಲ್ಲವೆಂದರೆ ಆ ಪ್ರಶ್ನೆಯನ್ನು ಅವರ ಮಾಲೀಕರ ಮುಂದೆ ಇಡಿ.