ಕೊಯಮತ್ತೂರಿನಲ್ಲಿ ಕಲಿತ ಸರಣಿ ಜೋಡಣೆ

ಚಾಮರಾಜನಗರ ಬಿಟ್ಟ ಬಸ್ಸು ಹಾಸನೂರು ದಾಟಿ ದಿಂಬಂ ಘಾಟಿಗೆ ಬಂದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಒಟ್ಟು 27 ಹೇರ್‌ಪಿನ್ ತಿರುವುಗಳು. ಕಿಟಕಿಯಾಚೆ ತಮಿಳುನಾಡಿನ ಬಯಲು ಹರಡಿಕೊಂಡಿದ್ದರೂ ನನ್ನ ತಲೆಯಲ್ಲಿ ಅಕ್ಕನ ಮಾತೇ ಸುತ್ತುತ್ತಿತ್ತು. "ಲೋ, ನೀನು ಸೈನ್ಸ್ ಮೇಷ್ಟ್ರು. ಇವನು ಅದೇನೋ ಕಾರು ಕಟ್ತೀನಿ ಅಂತ ಆರು ತಿಂಗಳಿಂದ ಊಟ ನಿದ್ದೆ ಬಿಟ್ಟಿದಾನೆ. ಪೆಟ್ರೋಲು, ಕರೆಂಟು ಎರಡೂ ಒಟ್ಟಿಗಂತೆ. ಒಂದ್ಸಲ ಹೋಗಿ ನೋಡ್ಕೊಂಡು ಬಾರೋ."

ಬಣ್ಣಾರಿ ಅಮ್ಮನಿಗೆ ಬಸ್ಸಿನಿಂದಲೇ ಕೈಮುಗಿದು, ಸತ್ಯಮಂಗಲದಲ್ಲಿ ಭವಾನಿ ನದಿಯನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ಕೊಯಮತ್ತೂರು ಸೇರಿದೆ. ಅಲ್ಲಿಂದ ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇಗೆ. ಮಾರುತಿ ಎಂಜಿನ್ನಿಟ್ಟು 'ಫಾರ್ಮುಲಾ ಮಾರುತಿ' ರೇಸ್ ಕಾರುಗಳನ್ನು ಇದೇ ಊರಿನಲ್ಲಿ ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರನ್ನು ಈ ಪಥಕ್ಕೆ ಇಟ್ಟಿದ್ದಾರೆ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು; ಪಥ ಆರಂಭವಾದದ್ದು 2003ರಲ್ಲಿ. 2024ರ ಜನವರಿಯಲ್ಲಿ ಇಲ್ಲಿ ನಡೆದದ್ದು 'ಫಾರ್ಮುಲಾ ಭಾರತ್'. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ ಕಟ್ಟಿದ ಒಂಟಿ ಸೀಟಿನ ಕಾರುಗಳ ಸ್ಪರ್ಧೆ.

ಶೆಡ್ಡುಗಳ ಸಾಲಿನಲ್ಲಿ ಮಕ್ಕಳದೇ ಜಾತ್ರೆ. ಕಾರನ್ನು 60 ಡಿಗ್ರಿ ವಾಲಿಸಿ ಪೆಟ್ರೋಲ್ ಸೋರುತ್ತದೆಯೇ ಎಂದು ನೋಡುವ ಪರೀಕ್ಷೆ ಒಂದು ಕಡೆ, ಬ್ರೇಕ್ ಪರೀಕ್ಷೆ ಇನ್ನೊಂದು ಕಡೆ. ನಮ್ಮ ಹುಡುಗ ಓಡಿಬಂದು ಕಾಲಿಗೆರಗಿದ. "ಮಾವ, ಈಗ ನಮ್ಮ ಸರದಿ!"

ಎಂಜಿನ್ ಚಾಲೂ ಆಯಿತು. ತಪಾಸಣೆಯವರು ಚಾಲಕಿಯ ಮುಂದಿದ್ದ ಕೆಂಪು ಗುಂಡಿಯನ್ನು ಒತ್ತಿದರು. ಎಂಜಿನ್ ನಿಂತಿತು. ಆದರೆ ಸೀಟಿನ ಹಿಂದಿನಿಂದ ಜೀರುಂಡೆಯ ಹಾಗೆ ಬರುತ್ತಿದ್ದ ಸದ್ದು ನಿಲ್ಲಲಿಲ್ಲ. ಪೆಟ್ರೋಲ್ ಪಂಪು ಓಡುತ್ತಲೇ ಇತ್ತು. ಅವರು ಕಾಗದದಲ್ಲಿ ಏನೋ ಬರೆದು, ತಲೆಯಾಡಿಸಿ, ಕಾರನ್ನು ವಾಪಸ್ಸು ಕಳಿಸಿದರು.

ಇದರ ಅರ್ಥವೇನೆಂದು ಸ್ವಲ್ಪ ವಿವರಿಸಬೇಕು. ಹಿಂದಿನ ಕಾರ್ಬ್ಯುರೇಟರ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನೇ ನೂಕುವ ಪಂಪು ಇರುತ್ತಿತ್ತು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತಿತ್ತು. ವಿದ್ಯುತ್ ಪಂಪಿಗೆ ಆ ಗುಣ ಇಲ್ಲ. ತಂತಿಯಲ್ಲಿ ಕರೆಂಟು ಇರುವವರೆಗೂ ಅದು ಸುಮಾರು 3 ಬಾರ್, ಅಂದರೆ ವಾಯುವಿನ ಒತ್ತಡದ ಮೂರು ಪಟ್ಟು, ಒತ್ತಡದಲ್ಲಿ ಪೆಟ್ರೋಲನ್ನು ತಳ್ಳುತ್ತಲೇ ಇರುತ್ತದೆ. ಡಿಕ್ಕಿಯಲ್ಲಿ ನಳಿಗೆ ಹರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ತಗ್ಗಿನಲ್ಲೇ ಹರಡಿ ಕಿಡಿಗಾಗಿ ಕಾಯುತ್ತದೆ.

ಅದಕ್ಕೇ ನಿಯಮವು ಒಂದು ಸರಪಳಿ ಕೇಳುತ್ತದೆ: ಮುಖ್ಯ ಸ್ವಿಚ್, ಮೂರು ಕೆಂಪು ಗುಂಡಿಗಳು, ಬ್ರೇಕ್ ಕೈಕೊಟ್ಟು ಪೆಡಲ್ ಅತಿಯಾಗಿ ಒಳಹೋದರೆ ತೆರೆದುಕೊಳ್ಳುವ ಸ್ವಿಚ್, ಜೊತೆಗೆ ಡಿಕ್ಕಿಯ ಸ್ವಿಚ್. ಈ ಕೊನೆಯದರೊಳಗೆ ಅಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡು ಇರುತ್ತದೆ. ಜೋರು ಪೆಟ್ಟಿಗೆ ಗುಂಡು ಜಿಗಿದು ಮಂಡಲವನ್ನು ಕಡಿಯುತ್ತದೆ. ಎಲ್ಲವೂ ಸರಣಿ ಜೋಡಣೆಯಲ್ಲಿ. ಯಾವುದೊಂದು ತೆರೆದರೂ ಪಂಪು ನಿಲ್ಲಲೇಬೇಕು.

ಹಾಗಾದರೆ ನಮ್ಮವರ ಪಂಪು ಏಕೆ ನಿಲ್ಲಲಿಲ್ಲ? ಹುಡುಗ ತಲೆ ತಗ್ಗಿಸಿದ. "ಕಾಲೇಜ್ ಮೈದಾನದಲ್ಲಿ ಓಡಿಸುವಾಗ ಎಂಜಿನ್ ಸೊರಗ್ತಿತ್ತು ಮಾವ. ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ಎಳೆದೆ, ಸರಿಹೋಯ್ತು. ತೆಗೀಬೇಕು ಅಂತಿದ್ದೆ. ಮರೆತುಬಿಟ್ಟೆ."

ಸರಣಿಗೆ ಸಮಾಂತರವಾಗಿ ಒಂದೇ ಒಂದು ತಂತಿ! ಆರು ಕಾವಲುಗಾರರನ್ನು ನಿಲ್ಲಿಸಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಆ ಕಾರನ್ನು ಓಡಿಸುವವಳು ಅವನ ತರಗತಿಯ ಹುಡುಗಿ. ಟ್ಯಾಂಕು ಅವಳ ಬೆನ್ನ ಹಿಂದೆಯೇ. ಅವಳ ತಾಯಿ ಅಲ್ಲೇ ನಿಂತಿದ್ದರು. "ಮೇಷ್ಟ್ರೇ, ಅಪಾಯವೇನೂ ಇಲ್ಲ ತಾನೇ?" ಎಂದು ಕೇಳಿದರು. "ಈಗ ಸರಿಮಾಡುತ್ತಾರಮ್ಮ" ಎಂದಷ್ಟೇ ಹೇಳಿದೆ. ಹುಡುಗನನ್ನು ಗದರಿಸಬೇಕೆಂದು ಬಾಯಿ ತೆರೆದವನಿಗೆ ಏನೋ ನೆನಪಾಯಿತು. ಒಂದು ಗಣೇಶನ ಹಬ್ಬದಂದು ನಮ್ಮ ಮನೆಯ ಫ್ಯೂಸು ಎರಡು ಬಾರಿ ಹೋಗಿತ್ತು. ಮೂರನೆಯ ಸಲ ನಾನು ದಪ್ಪ ತಾಮ್ರದ ತಂತಿ ಸುತ್ತಿದ್ದೆ. ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದವನು ಇದೇ ಹುಡುಗ. ಬಾಯಿ ಮುಚ್ಚಿಕೊಂಡು ಮಲ್ಟಿಮೀಟರ್ ಕೇಳಿದೆ.

ನೇರ ತಂತಿಯನ್ನು ಕಿತ್ತು ಅಳೆದಾಗ ಬ್ಯಾಟರಿಯಲ್ಲಿ 13.5 ವೋಲ್ಟ್, ಪಂಪಿನ ಬಳಿ 11.5. ಪಂಪು ಎಳೆಯುತ್ತಿದ್ದದ್ದು 5 ಆಂಪಿಯರ್. ಓಮ್‌ನ ನಿಯಮ ಬಲ್ಲ ಯಾರೂ ಲೆಕ್ಕ ಹಾಕಬಹುದು: 2 ವೋಲ್ಟನ್ನು 5ರಿಂದ ಭಾಗಿಸಿದರೆ 0.4 ಓಮ್ ರೋಧ. ಅಂದರೆ 10 ವ್ಯಾಟ್ ಶಾಖ, ಅದೂ ಪೆಟ್ರೋಲ್ ನಳಿಗೆಯ ಹತ್ತಿರ! ಸಣ್ಣ ತಂತಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ಸುತ್ತಿ ಬರುತ್ತಿದ್ದದ್ದೇ ರೋಗ.

ರಾತ್ರಿಯೆಲ್ಲ ಕೆಲಸ ನಡೆಯಿತು. ಮೊದಲು ಬ್ಯಾಟರಿಯ ಋಣ ತುದಿ ಕಳಚಿದರು. ದಪ್ಪ ತಂತಿ ಎಳೆದು, ಬ್ಯಾಟರಿಯಿಂದ ಗೇಣು ದೂರದೊಳಗೇ 10 ಆಂಪಿಯರ್ ಫ್ಯೂಸ್ ಇಟ್ಟರು. ಫ್ಯೂಸ್ ಕಾಯುವುದು ಪಂಪನ್ನಲ್ಲ, ತಂತಿಯನ್ನು. ಆದ್ದರಿಂದ ತಂತಿ ಫ್ಯೂಸಿಗಿಂತ ಗಟ್ಟಿಯಿರಬೇಕು. ಅಲ್ಲಿಂದ ರಿಲೇಯ 30ನೇ ಕಾಲಿಗೆ, 87ರಿಂದ ಪಂಪಿಗೆ. ಪಂಪಿನಿಂದ ಮರಳುವ ತಂತಿಯೂ ಅಷ್ಟೇ ದಪ್ಪ. ಸುರಕ್ಷೆಯ ಸರಪಳಿ ಹೋದದ್ದು ರಿಲೇ ಸುರುಳಿಯ 86ಕ್ಕೆ. ಸುರುಳಿಗೆ ಒಂದು ಆಂಪಿಯರಿನ ಸಣ್ಣ ಪಾಲು ಸಾಕಾದ್ದರಿಂದ ಅಲ್ಲಿ ತೆಳು ತಂತಿ ನಡೆಯುತ್ತದೆ. 85ನೇ ಕಾಲು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಕೈಯಲ್ಲಿ. ಕೀಲಿ ತಿರುಗಿಸಿದಾಗ ಎರಡು ಮೂರು ಸೆಕೆಂಡು ಪಂಪು ಓಡಿಸಿ, ಎಂಜಿನ್ ತಿರುಗದಿದ್ದರೆ ಅದು ತಾನೇ ನಿಲ್ಲಿಸುತ್ತದೆ. ತಗಡಿನ ತೂತು ದಾಟುವಲ್ಲಿ ರಬ್ಬರ್ ಉಂಗುರ, ಜೋಡಣೆಗಳಲ್ಲಿ ಟೇಪು ಸುತ್ತುವ ಬದಲು ಒತ್ತಿ ಬಿಗಿದ ಟರ್ಮಿನಲ್. ಪಂಪಿನ ಬಳಿ ಈಗ 13.2 ವೋಲ್ಟ್.

ಮರುದಿನ ತಪಾಸಣೆಯವರು ಒಂದೊಂದಾಗಿ ಗುಂಡಿಗಳನ್ನು ಒತ್ತಿದರು. ಡಿಕ್ಕಿಯ ಸ್ವಿಚ್ ಬಿಚ್ಚಿ ಕೈಯಲ್ಲಿ ಅಲುಗಾಡಿಸಿದರು. ಪ್ರತಿ ಸಲವೂ ಎಂಜಿನ್ನಿನೊಂದಿಗೆ ಜೀರುಂಡೆಯೂ ಮೌನವಾಯಿತು. ಅಷ್ಟರಲ್ಲಿ ಒಂದು ಸುತ್ತಿನ ಸ್ಪರ್ಧೆ ಕೈತಪ್ಪಿತ್ತು. ಹುಡುಗರ ಮುಖ ಸಪ್ಪಗಿದ್ದರೂ ಆ ತಾಯಿಯ ಮುಖ ಹಾಗಿರಲಿಲ್ಲ.

ಕಿತ್ತ ತಂತಿ ಈಗ ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿದೆ. ಹತ್ತನೇ ತರಗತಿಗೆ ಸಮಾಂತರ ಜೋಡಣೆ ಹೇಳುವಾಗ ತೋರಿಸುತ್ತೇನೆ. ಅಕ್ಕನಿಗೆ "ಹುಡುಗ ಚೆನ್ನಾಗಿದಾನೆ, ಕೆಲಸ ಕಲ್ತಿದಾನೆ" ಎಂದು ಫೋನಿನಲ್ಲಿ ಹೇಳಿದೆ. ಮನೆ ಸೇರಿದ ಮೇಲೆ ಚೀಲವನ್ನು ಜಗಲಿಯಲ್ಲೇ ಇಟ್ಟು, ಮೇನ್ ಸ್ವಿಚ್ ಆರಿಸಿ, ಪಿಂಗಾಣಿ ಫ್ಯೂಸನ್ನು ಹೊರಗೆಳೆದೆ. ತಾಮ್ರದ ತಂತಿ ಹಾಗೇ ಇತ್ತು. ತೆಗೆದುಹಾಕಿದೆ.